ಸೆಲ್ಫ್ ತಿರುಗುತ್ತದೆ, ಕಾರು ಸ್ಟಾರ್ಟ್ ಆಗದು: ದೋಷ ಎಲ್ಲಿದೆ?

ಮುಂಡರಗಿ ತಾಲ್ಲೂಕಿನ ಹಿರೇವಡ್ಡಟ್ಟಿಯಂತಹ ಊರಿನಿಂದ ರಾತ್ರಿ ವೇಳೆ ರೋಗಿಯೊಬ್ಬರನ್ನು ಗದಗಿನ ಆಸ್ಪತ್ರೆಗೆ ಕರೆದೊಯ್ಯಬೇಕಾಗಿದೆ ಎಂದು ಭಾವಿಸೋಣ. ಕೀಲಿಕೈ ತಿರುವಿದರೆ ಇಂಜಿನ್ ಎಂದಿನಂತೆಯೇ ತಿರುಗುತ್ತದೆ, ಆದರೆ ಕಾರು ಸ್ಟಾರ್ಟ್ ಆಗುವುದಿಲ್ಲ. ಇಂತಹ ತುರ್ತಿನಲ್ಲಿ ಮೊದಲು 108ಕ್ಕೆ ಕರೆ ಮಾಡಬೇಕು. ಬಾನೆಟ್ ಎತ್ತುವುದು ಅನಂತರದ ಕೆಲಸ.

ಅಷ್ಟರಲ್ಲಿ ನೆರೆಹೊರೆಯವರು ಸೇರುತ್ತಾರೆ. ಒಬ್ಬರು 'ಬ್ಯಾಟರಿ ಇಳಿದಿದೆ' ಎನ್ನುತ್ತಾರೆ, ಮತ್ತೊಬ್ಬರು 'ತಳ್ಳಿದರೆ ಆಗುತ್ತದೆ' ಎನ್ನುತ್ತಾರೆ. ಸದುದ್ದೇಶದ ಈ ಎರಡೂ ಸಲಹೆಗಳು ಇಲ್ಲಿ ಬಹುತೇಕ ನಿಷ್ಪ್ರಯೋಜಕ. ಕಾರನ್ನು ತಳ್ಳುವುದೆಂದರೆ ಸೆಲ್ಫ್ ಮೋಟಾರು ಮಾಡಬೇಕಾದ ಕೆಲಸವನ್ನು ಜನರ ತೋಳ್ಬಲದಿಂದ ಮಾಡಿಸುವುದು. ಸೆಲ್ಫ್ ಇಂಜಿನನ್ನು ಸರಿಯಾದ ವೇಗದಲ್ಲಿ ತಿರುಗಿಸುತ್ತಿರುವಾಗ ತಳ್ಳುವುದರಿಂದ ಹೊಸದಾಗಿ ಸೇರುವುದೇನೂ ಇಲ್ಲ. ಮೇಲಾಗಿ, ಪೆಟ್ರೋಲ್ ಕಾರಿನಲ್ಲಿ ಉರಿಯದೆ ಉಳಿದ ಇಂಧನ ಹೊಗೆಕೊಳವೆಯ ಕ್ಯಾಟಲಿಟಿಕ್ ಕನ್ವರ್ಟರ್ ಸೇರಿ ಅದನ್ನೂ ಹಾಳುಮಾಡಬಹುದು.

ಇಂಜಿನ್ ತಿರುಗುವುದು ಬೇರೆ, ಸ್ಟಾರ್ಟ್ ಆಗುವುದು ಬೇರೆ. ಸ್ಟಾರ್ಟ್ ಆಗಲು ಗಾಳಿ, ಇಂಧನ, ಸಿಲಿಂಡರಿನೊಳಗಿನ ಒತ್ತಡ ಹಾಗೂ ಪೆಟ್ರೋಲ್ ಕಾರಾದರೆ ತಕ್ಕ ಕ್ಷಣಕ್ಕೆ ಸರಿಯಾಗಿ ಕಿಡಿ ಬೇಕು. ಇವುಗಳಲ್ಲಿ ಯಾವುದು ತಪ್ಪಿದೆ ಎಂಬುದನ್ನು ಬಿಡಿಭಾಗ ಬದಲಿಸುವ ಮುನ್ನವೇ ಕಿವಿ, ಕಣ್ಣು, ಮೂಗುಗಳಿಂದ ಬಹುಪಾಲು ಅರಿಯಬಹುದು.

ಮೊದಲು ಸದ್ದನ್ನು ಆಲಿಸಿ. ಪೂರ್ಣ ಚಾರ್ಜಾದ ಬ್ಯಾಟರಿಯಲ್ಲಿ ಸುಮಾರು 12.6 ವೋಲ್ಟ್ ಇರುತ್ತದೆ. ಇಂಜಿನ್ ಮುಕ್ಕರಿಯುತ್ತ ನಿಧಾನವಾಗಿ ತಿರುಗಿದರೆ ಬ್ಯಾಟರಿಯನ್ನು ಶಂಕಿಸಬಹುದು. ತಿರುಗುವಾಗ ವೋಲ್ಟೇಜ್ 10ಕ್ಕಿಂತ ಕೆಳಗಿಳಿದರೆ ಕಾರಿನ ಕಂಪ್ಯೂಟರ್ ಸರಿಯಾಗಿ ಕೆಲಸ ಮಾಡದೆ ಹೋದೀತು. ಇದಕ್ಕೆ ವ್ಯತಿರಿಕ್ತವಾಗಿ, ಇಂಜಿನ್ ಎಂದಿಗಿಂತ ಹಗುರವಾಗಿ, ವೇಗವಾಗಿ, ಏರಿಳಿತವೇ ಇಲ್ಲದೆ 'ಸುಂಯ್' ಎಂದು ತಿರುಗಿದರೆ ಅಲ್ಲಿಗೇ ನಿಲ್ಲಿಸಿ. ಟೈಮಿಂಗ್ ಬೆಲ್ಟ್ ತುಂಡಾಗಿರುವ ಲಕ್ಷಣವಿದು. ಅನೇಕ ಇಂಜಿನ್‌ಗಳಲ್ಲಿ ಹೀಗಾದಾಗ ಪಿಸ್ಟನ್ ವಾಲ್ವ್‌ಗೆ ಬಡಿಯುತ್ತದೆ. ಮತ್ತೆ ಮತ್ತೆ ತಿರುವಿದರೆ ಹಾನಿ ಹೆಚ್ಚುತ್ತದೆ.

ಯಾವುದೇ ಸಂದರ್ಭದಲ್ಲಿ ಒಮ್ಮೆಗೆ 10 ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಯಬಾರದು, ಮುಂದಿನ ಪ್ರಯತ್ನಕ್ಕೆ ಮುನ್ನ ಒಂದು ನಿಮಿಷ ಬಿಡುವು ಕೊಡಬೇಕು. ಆತುರಕ್ಕೆ ಬಿದ್ದರೆ ಬ್ಯಾಟರಿಯೂ ಇಳಿದು ಒಂದು ದೋಷ ಎರಡಾಗುತ್ತದೆ.

ಆ ಬಿಡುವಿನಲ್ಲಿ ಡ್ಯಾಶ್‌ಬೋರ್ಡ್ ನೋಡಿ. ಕೀಲಿಕೈಯನ್ನು 'ಆನ್' ಸ್ಥಾನಕ್ಕೆ ತಂದಾಗ ಇಂಜಿನ್ ಚಿಹ್ನೆಯ ದೀಪ ಬೆಳಗಲೇಬೇಕು. ಬೆಳಗದಿದ್ದರೆ ಕಂಪ್ಯೂಟರಿಗೇ ವಿದ್ಯುತ್ ತಲುಪುತ್ತಿಲ್ಲದಿರಬಹುದು. ಫ್ಯೂಸ್ ಮತ್ತು ಮುಖ್ಯ ರಿಲೇ ಪರೀಕ್ಷಿಸಬೇಕು. ಕೀಲಿಕೈ ಅಥವಾ ಬೀಗದ ಚಿತ್ರದ ದೀಪ ಮಿನುಗುತ್ತಿದ್ದರೆ ಅದು ಕಳ್ಳತನ ತಡೆಯುವ ಇಮೊಬಿಲೈಸರ್‌ನ ತಕರಾರು. ಕೀಲಿಕೈಯೊಳಗಿನ ಚಿಪ್ಪನ್ನು ಕಾರು ಗುರುತಿಸುತ್ತಿಲ್ಲ ಎಂದರ್ಥ. ಮನೆಯಲ್ಲಿರುವ ಎರಡನೆಯ ಕೀಲಿಕೈ ತರಿಸಿ ನೋಡಿದರೆ ಎಷ್ಟೋ ವೇಳೆ ಖರ್ಚಿಲ್ಲದೆ ಕೆಲಸವಾಗುತ್ತದೆ.

ಇನ್ನು ಇಂಧನ. ಹೆಚ್ಚಿನ ಪೆಟ್ರೋಲ್ ಕಾರುಗಳಲ್ಲಿ ಕೀಲಿಕೈ 'ಆನ್' ಮಾಡಿದೊಡನೆ ಹಿಂದಿನ ಸೀಟಿನ ಅಡಿಯಿಂದ ಎರಡು-ಮೂರು ಸೆಕೆಂಡುಗಳ ಸಣ್ಣ ಗುಂಯ್‌ಗುಟ್ಟುವಿಕೆ ಕೇಳಿಸುತ್ತದೆ. ಅದು ಟ್ಯಾಂಕಿನೊಳಗಿನ ಪಂಪಿನ ಸದ್ದು. ಸದ್ದೇ ಇಲ್ಲದಿದ್ದರೆ ಮೊದಲು ಫ್ಯೂಸ್, ನಂತರ ರಿಲೇ, ಕೊನೆಗೆ ಪಂಪ್, ಈ ಕ್ರಮದಲ್ಲೇ ನೋಡಬೇಕು. ಹಾರ್ನ್ ರಿಲೇ ಅದೇ ಸಂಖ್ಯೆಯದಾಗಿದ್ದರೆ ಅದನ್ನು ಅದಲುಬದಲು ಮಾಡಿ ನೋಡಬಹುದು. ರಿಲೇಗೆ ತಗಲುವ ವೆಚ್ಚ ಪಂಪಿನ ಬೆಲೆಯ ಮುಂದೆ ಅತ್ಯಲ್ಪ. ಹೀಗಿದ್ದೂ ನೇರವಾಗಿ ಪಂಪನ್ನೇ ಬದಲಿಸುವ ಗ್ಯಾರೇಜುಗಳಿಗೆ ಬರವಿಲ್ಲ.

ಪಂಪ್ ಗುಂಯ್‌ಗುಟ್ಟಿ, ಪೆಟ್ರೋಲಿನ ವಾಸನೆ ದಟ್ಟವಾಗಿದ್ದರೆ ಇಂಜಿನ್ 'ಓವರ್' ಆಗಿರಬಹುದು, ಅಂದರೆ ಪ್ಲಗ್‌ಗಳು ಇಂಧನದಲ್ಲಿ ತೊಯ್ದಿರಬಹುದು. ಇಂಜೆಕ್ಷನ್ ಇರುವ ಅನೇಕ ಕಾರುಗಳಲ್ಲಿ ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆದರೆ ಕಂಪ್ಯೂಟರ್ ಇಂಧನವನ್ನು ತಡೆಹಿಡಿದು ಒಳಗಿನ ತೇವ ಆರಲು ಬಿಡುತ್ತದೆ.

ಬಂಕ್‌ನಲ್ಲಿ ಇಂಧನ ತುಂಬಿಸಿದ ಸ್ವಲ್ಪ ಹೊತ್ತಿನಲ್ಲೇ ತೊಂದರೆ ಆರಂಭವಾಗಿದ್ದರೆ ಆ ಸಂಗತಿಯನ್ನು ಮರೆಯಬಾರದು. ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲಿಗೆ 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲೇ ಚಾಲನೆ ದೊರೆಯಿತು. ಎಥನಾಲ್ ನೀರನ್ನು ಹೀರುತ್ತದೆ. ನೀರು ಮಿತಿಮೀರಿದರೆ ಅದರೊಡನೆ ಬೇರ್ಪಟ್ಟು ತಳ ಸೇರುತ್ತದೆ. ಪಂಪ್ ಎಳೆಯುವುದು ಆ ತಳದಿಂದಲೇ.

ಕಿಡಿಯ ವಿಷಯಕ್ಕೆ ಬಂದರೆ ಕಾಲ ಬದಲಾಗಿದೆ. 1951ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಗೊಂಡು 2008ರಲ್ಲಿ ಬಾಷ್ ಎಂಬ ಹೆಸರು ತಳೆದ ಮೈಕೋ ಕಂಪನಿಯ ಪ್ಲಗ್‌ಗಳು ಒಂದು ಕಾಲಕ್ಕೆ ಮನೆಮಾತಾಗಿದ್ದವು. ಅಂಬಾಸಿಡರ್ ಚಾಲಕರು ರಸ್ತೆ ಬದಿಯಲ್ಲೇ ಪ್ಲಗ್ ಬಿಚ್ಚಿ, ಉಪ್ಪುಕಾಗದದಿಂದ ಉಜ್ಜಿ, ವೈರು ಹಿಡಿದು ಕಿಡಿ ನೋಡುತ್ತಿದ್ದರು. ಇಂದಿನ ಕಾರುಗಳಲ್ಲಿ ಆ ಸಾಹಸ ಸಲ್ಲದು. ಕಾಯಿಲ್‌ನ ವಿದ್ಯುತ್ತು ಹತ್ತಾರು ಸಾವಿರ ವೋಲ್ಟ್‌ನದು, ಸುತ್ತ ಪೆಟ್ರೋಲ್ ಆವಿಯೂ ಇರುತ್ತದೆ. ಅದರ ಬದಲು ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಮುಳ್ಳನ್ನು ಗಮನಿಸಿ. ಹಲವು ಕಾರುಗಳಲ್ಲಿ ಅದು ತುಸುವೂ ಅಲುಗದಿದ್ದರೆ ಇಂಜಿನ್ ತಿರುಗುವುದನ್ನು ಕಂಪ್ಯೂಟರಿಗೆ ತಿಳಿಸುವ ಕ್ರ್ಯಾಂಕ್ ಸೆನ್ಸರ್ ಮೇಲೆ ಸಂಶಯ ಮೂಡುತ್ತದೆ. ಬಿಸಿಲಲ್ಲಿ ದೂರ ಓಡಿ ನಿಂತ ಕಾರು ಸ್ಟಾರ್ಟ್ ಆಗದೆ, ಅರ್ಧ ಗಂಟೆ ತಣ್ಣಗಾದ ಮೇಲೆ ಏನೂ ಆಗದಂತೆ ಹೊರಟರೆ ಆ ಸಂಶಯ ಬಲಗೊಳ್ಳುತ್ತದೆ.

ಗ್ರಾಮೀಣ ಭಾಗದಲ್ಲಿ ಇನ್ನೊಂದು ಕಾರಣವೂ ಉಂಟು: ಇಲಿ. ಸುಗ್ಗಿಯಲ್ಲಿ ಕಾಳಿನ ಚೀಲಗಳ ಬಳಿ ನಾಲ್ಕು ದಿನ ನಿಂತ ಕಾರಿನ ವೈರುಗಳು ಉಳಿದರೆ ಅದೃಷ್ಟ. ಬಾನೆಟ್ ಎತ್ತಿದಾಗ ಹಿಕ್ಕೆ, ಹೊಟ್ಟು ಕಂಡರೆ ಮೊದಲು ವೈರುಗಳನ್ನೇ ಪರಿಶೀಲಿಸಿ.

ಡೀಸೆಲ್ ಕಾರಿಗೆ ಕಿಡಿಯ ಹಂಗಿಲ್ಲ. ಫಿಲ್ಟರಿನಲ್ಲಿ ನೀರು, ಪೈಪಿನಲ್ಲಿ ಗಾಳಿ, ಚಳಿಯಲ್ಲಿ ಕೆಟ್ಟ ಗ್ಲೋ ಪ್ಲಗ್, ಇವು ಸಾಮಾನ್ಯ ಕಾರಣಗಳು. ಟ್ರ್ಯಾಕ್ಟರಿನ ನಟ್ಟು ಸಡಿಲಿಸಿ 'ಏರ್' ತೆಗೆದ ಅನುಭವ ರೈತರಿಗೆ ಧಾರಾಳವಾಗಿದೆ. ಆದರೆ ಕಾಮನ್ ರೇಲ್ ಕಾರಿನ ಅಧಿಕ ಒತ್ತಡದ ಪೈಪಿಗೆ ಆ ವಿದ್ಯೆ ಪ್ರಯೋಗಿಸಬೇಡಿ. ಇಂಜಿನ್ ಓಡುವಾಗ ಅಲ್ಲಿನ ಒತ್ತಡ 1,000 ಬಾರ್ ಮೀರುತ್ತದೆ; ಚಿಮ್ಮಿದ ಡೀಸೆಲ್ ಚರ್ಮವನ್ನು ಭೇದಿಸಿ ಒಳನುಗ್ಗಬಲ್ಲದು.

ಇಷ್ಟರ ನಂತರವೂ ಕಾರು ಸ್ಟಾರ್ಟ್ ಆಗದಿದ್ದರೆ ಸ್ಕ್ಯಾನರ್ ಬೇಕು. ಅದು ತೋರುವ ಸಂಕೇತವನ್ನು ಅಂತಿಮ ತೀರ್ಪೆಂದು ತಿಳಿಯಬಾರದು. ಪಿ0335 ಎಂದರೆ ಕ್ರ್ಯಾಂಕ್ ಸೆನ್ಸರ್‌ನ ಸರ್ಕ್ಯೂಟ್‌ನಲ್ಲಿ ದೋಷವಿದೆ ಎಂದಷ್ಟೇ ಅರ್ಥ. ಸೆನ್ಸರ್ ಸುಸ್ಥಿತಿಯಲ್ಲಿದ್ದು ಇಲಿ ವೈರು ಕಡಿದಿದ್ದರೂ ಅದೇ ಸಂಕೇತ ಬರುತ್ತದೆ. ಮೆಕ್ಯಾನಿಕ್‌ಗೆ ಫೋನ್ ಮಾಡುವಾಗ 'ಗಾಡಿ ಸ್ಟಾರ್ಟ್ ಆಗುತ್ತಿಲ್ಲ' ಎಂದಷ್ಟೇ ಹೇಳದೆ ಸೆಲ್ಫ್‌ನ ವೇಗ ಹೇಗಿದೆ, ಪಂಪಿನ ಸದ್ದು ಕೇಳಿತೇ, ಯಾವ ದೀಪ ಬೆಳಗಿತು, ಇಂಧನ ಎಂದು ಹಾಕಿಸಿದ್ದು ಎಂಬುದನ್ನು ತಿಳಿಸಿ. ಗದಗಿನಿಂದ ಹೊರಡುವವರು ರಿಲೇ ತರಬೇಕೋ, ಪಂಪ್ ತರಬೇಕೋ ಅಥವಾ ಕಾರನ್ನು ಎಳೆದೊಯ್ಯುವ ಗಾಡಿಯನ್ನೇ ತರಬೇಕೋ ಎಂಬುದು ಆ ಉತ್ತರಗಳಿಂದಲೇ ತೀರ್ಮಾನವಾಗುತ್ತದೆ.