ಒಂದು ಹಾರ್ನ್ ತೆಗೆದರೂ ಸದ್ದು ಯಾಕೆ ಕಡಿಮೆ ಆಗಲಿಲ್ಲ?



ಈ ಸಲ ಜಾತ್ರೆ ಹೊತ್ತಿಗೇ ನಮಗೆ ಪೂರ್ವಸಿದ್ಧತಾ ಪರೀಕ್ಷೆ ನಡೀತಿತ್ತು. ಗುಡಿ ಮುಂದಿನ ಕಂಬಕ್ಕೆ ಎರಡು ಹಾರ್ನ್ ಕಟ್ಟಿ ಬೆಳಿಗ್ಗೆಯಿಂದ ಹಾಡು ಹಾಕಿದ್ದರು. ಪ್ರಶ್ನೆ ಓದಿದರೆ ತಲೆಗೇ ಹತ್ತುತ್ತಿರಲಿಲ್ಲ. ನಾವು ನಾಲ್ಕು ಜನ ಹೋಗಿ ಕೇಳಿಕೊಂಡೆವು. ಹಿರಿಯರು ಬೈಯಲಿಲ್ಲ. "ಆಯ್ತು, ಒಂದು ತೆಗೆಸ್ತೀವಿ" ಅಂದರು, ತೆಗೆಸಿಯೂ ತೆಗೆಸಿದರು. ಆದರೆ ಮಾರನೇ ದಿನ ಶಾಲೆಯಲ್ಲಿ ಕೂತರೆ ಸದ್ದು ಹೆಚ್ಚುಕಮ್ಮಿ ಮೊದಲಿನ ಹಾಗೇ ಇತ್ತು! "ವಾಲ್ಯೂಮ್ ಏರಿಸಿ ಮೋಸ ಮಾಡಿದಾರೆ" ಅಂತ ಕೆಲವರು ಸಿಟ್ಟಾದರು. ನನಗೂ ಹಾಗೇ ಅನ್ನಿಸಿತ್ತು. ಆಮೇಲೆ ಲೆಕ್ಕ ಹಾಕಿ ನೋಡಿದರೆ ಮೋಸ ಏನೂ ಬೇಕಾಗಿಲ್ಲ, ಡೆಸಿಬೆಲ್ ಲೆಕ್ಕವೇ ಹಾಗೆ ಅಂತ ಗೊತ್ತಾಯಿತು. ಅದನ್ನೇ ಇಲ್ಲಿ ಬರೆದಿದ್ದೇನೆ.

ತೀವ್ರತೆ ಅಂದರೇನು?

ಸದ್ದು ಎಂದರೆ ಗಾಳಿಯ ಕಂಪನ. ಆ ಕಂಪನ ಶಕ್ತಿಯನ್ನು ಹೊತ್ತುಕೊಂಡು ಸಾಗುತ್ತದೆ. ಒಂದು ಚದರ ಮೀಟರ್ ಜಾಗದ ಮೂಲಕ ಒಂದು ಸೆಕೆಂಡಿಗೆ ಎಷ್ಟು ಶಕ್ತಿ ದಾಟುತ್ತದೋ ಅದೇ ಶಬ್ದದ ತೀವ್ರತೆ. ಇದನ್ನು ಚದರ ಮೀಟರಿಗೆ ಇಷ್ಟು ವ್ಯಾಟ್ ಎಂದು ಹೇಳುತ್ತಾರೆ.

ನಮ್ಮ ಕಿವಿ ಬಲು ಸೂಕ್ಷ್ಮ. ಒಂದು ವ್ಯಾಟಿನಲ್ಲಿ ಲಕ್ಷ ಕೋಟಿ ಪಾಲು ಮಾಡಿ, ಅದರಲ್ಲಿ ಒಂದು ಪಾಲು ಚದರ ಮೀಟರಿಗೆ ಬಂದರೂ ಕೇಳಿಸುತ್ತದೆ. ಇದಕ್ಕೆ ಆಧಾರ ತೀವ್ರತೆ ಎನ್ನುತ್ತಾರೆ. ಕಿವಿ ನೋಯುವ ಸದ್ದಿನ ತೀವ್ರತೆ ಸುಮಾರು ಒಂದು ವ್ಯಾಟ್. ಅಂದರೆ ಇದರಿಂದ ಅದಕ್ಕೆ ಲಕ್ಷ ಕೋಟಿ ಪಟ್ಟು! ಇಷ್ಟು ಸೊನ್ನೆ ಬರೆಯುತ್ತಾ ಕೂತರೆ ಆಗುತ್ತದೆಯೇ? ಅದಕ್ಕೇ ಲಾಗ್ ಬಳಸುತ್ತಾರೆ.

ಲಾಗ್ ಅಂದರೆ ಹೆದರಬೇಡಿ. ಸದ್ಯಕ್ಕೆ ಸೊನ್ನೆ ಎಣಿಸುವುದು ಅಂತ ತಿಳಿಯಿರಿ. 10ರ ಲಾಗ್ 1, 100ರ ಲಾಗ್ 2, 1000ದ ಲಾಗ್ 3. ನಡುವಿನ ಸಂಖ್ಯೆಗಳಿಗೆ ಲಾಗ್ ಟೇಬಲ್ ಇದೆ. 2ರ ಲಾಗ್ 0.3010. ಇದೊಂದು ನೆನಪಿಟ್ಟುಕೊಳ್ಳಿ.

ಸೂತ್ರ:
ಶಬ್ದದ ಮಟ್ಟ (ಡೆಸಿಬೆಲ್) = 10 × ಲಾಗ್ (ತೀವ್ರತೆ ÷ ಆಧಾರ ತೀವ್ರತೆ)

ಕೇಳಿಸಿಯೂ ಕೇಳಿಸದಂಥ ಸದ್ದು 0 ಡೆಸಿಬೆಲ್. ಎದುರುಬದುರು ಮಾತು ಸುಮಾರು 60. ಕಿವಿ ನೋಯುವುದು ಸುಮಾರು 120ರಿಂದ. 'ಬೆಲ್' ಎಂಬ ಹೆಸರು ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್ (1847–1922) ಅವರಿಂದ ಬಂದದ್ದು. ಅದರ ಹತ್ತನೇ ಒಂದು ಭಾಗವೇ ಡೆಸಿಬೆಲ್.

ಈಗ ಜಾತ್ರೆಯ ಲೆಕ್ಕ

ಒಂದು ಹಾರ್ನಿನಿಂದ 1 ವ್ಯಾಟ್ ಶಬ್ದಶಕ್ತಿ ಹೊರಡುತ್ತದೆ ಅಂತ ಇಟ್ಟುಕೊಳ್ಳೋಣ. (ಆಂಪ್ಲಿಫೈಯರ್ ಮೇಲೆ ಬರೆದಿರುವ ವ್ಯಾಟ್ ಬೇರೆ, ಅದು ವಿದ್ಯುತ್ತಿನದು. ಅದರಲ್ಲಿ ಸ್ವಲ್ಪ ಭಾಗ ಮಾತ್ರ ಸದ್ದಾಗುತ್ತದೆ.) ಶಾಲೆ 100 ಮೀಟರ್ ದೂರ ಇದೆ ಅನ್ನೋಣ. ಸದ್ದು ಗೋಳದಂತೆ ಎಲ್ಲಾ ಕಡೆ ಹರಡುತ್ತದೆ ಎಂದುಕೊಂಡರೆ, ಆ ಗೋಳದ ಮೇಲ್ಮೈ:

4 × 3.14 × 100 × 100 = 1,25,600 ಚದರ ಮೀಟರ್

1 ವ್ಯಾಟನ್ನು ಇಷ್ಟು ಜಾಗಕ್ಕೆ ಹಂಚಿದರೆ ಚದರ ಮೀಟರಿಗೆ ಸುಮಾರು 0.000008 ವ್ಯಾಟ್. ಇದು ಆಧಾರ ತೀವ್ರತೆಯ 80 ಲಕ್ಷ ಪಟ್ಟು. 80 ಲಕ್ಷದ ಲಾಗ್ 6.9. ಹತ್ತರಿಂದ ಗುಣಿಸಿದರೆ 69 ಡೆಸಿಬೆಲ್.

ಹಾಗಾದರೆ ಎರಡು ಹಾರ್ನಿಗೆ 69 + 69 = 138 ಅಲ್ಲವೇ? ಅಲ್ಲ! ಇಲ್ಲೇ ಎಲ್ಲರೂ ಎಡವುವುದು. ತೀವ್ರತೆಯನ್ನು ಕೂಡಬೇಕು, ಡೆಸಿಬೆಲನ್ನು ಹಾಗೆ ಕೂಡಬಾರದು. 80 ಲಕ್ಷ ಇದ್ದದ್ದು 160 ಲಕ್ಷ ಆಗುತ್ತದೆ. ಅದರ ಲಾಗ್ 7.2. ಅಂದರೆ 72 ಡೆಸಿಬೆಲ್. ಎರಡರಲ್ಲಿ ಒಂದು ಹಾರ್ನ್ ತೆಗೆದರೆ ಇಳಿಯುವುದು ಬರೀ 3 ಡೆಸಿಬೆಲ್. ಕಿವಿಗೆ ಸದ್ದು ಅರ್ಧ ಆದಂತೆ ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಇಳಿಯಬೇಕು. ಹಿರಿಯರು ಅರ್ಧ ಶಕ್ತಿಯನ್ನೇ ತೆಗೆದಿದ್ದರು, ಆದರೂ ನಮ್ಮ ಕಿವಿಗೆ ಗೊತ್ತೇ ಆಗಲಿಲ್ಲ!

ಮತ್ತೆ ಏನು ಕೇಳಬೇಕಿತ್ತು?

1. ದೂರ: ಹಾರ್ನನ್ನು 200 ಮೀಟರಿಗೆ ಒಯ್ದರೆ ಸದ್ದು ನಾಲ್ಕು ಪಟ್ಟು ಜಾಗಕ್ಕೆ ಹಂಚಿಹೋಗುತ್ತದೆ. 6 ಡೆಸಿಬೆಲ್ ಇಳಿಯುತ್ತದೆ.
2. ವಾಲ್ಯೂಮ್: ಹೊರಡುವ ಶಕ್ತಿಯನ್ನು ಹತ್ತನೇ ಒಂದಕ್ಕೆ ಇಳಿಸಿದರೆ 10 ಡೆಸಿಬೆಲ್ ಇಳಿಯುತ್ತದೆ.
3. ದಿಕ್ಕು: ಹಾರ್ನಿನ ಸದ್ದು ನಿಜವಾಗಿ ಬಾಯಿ ಇರುವ ಕಡೆಗೇ ಜಾಸ್ತಿ. ಬಾಯನ್ನು ಶಾಲೆ ಕಡೆಯಿಂದ ತಿರುಗಿಸಿದರೆ ಖರ್ಚಿಲ್ಲದೆ ಲಾಭ.

ಒಂದು ಹಾರ್ನ್ ತೆಗೆದು, ಇನ್ನೊಂದನ್ನು ದೂರ ಒಯ್ದು, ವಾಲ್ಯೂಮೂ ಇಳಿಸಿದರೆ 72 ಇದ್ದದ್ದು 53ಕ್ಕೆ ಬರುತ್ತದೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಹಗಲಿನ ಮಿತಿ ವಸತಿ ಪ್ರದೇಶಕ್ಕೆ 55, ನಿಶ್ಶಬ್ದ ವಲಯಕ್ಕೆ 50 ಡೆಸಿಬೆಲ್. ಬಾಯಿ ತಿರುಗಿಸಿದರೆ ಆ 50ರ ಹತ್ತಿರವೂ ಬರಬಹುದು. ಜಾತ್ರೆಯೂ ನಡೆಯುತ್ತದೆ, ಪರೀಕ್ಷೆಯೂ ನಡೆಯುತ್ತದೆ.

ಹಾರ್ನಿನ ಬುಡದಲ್ಲಿ ಕೂರುವವರೇ, ಕೇಳಿ

3 ಡೆಸಿಬೆಲ್ ಸಣ್ಣದು ಅಂತ ಕಿವಿ ತಿಳಿದರೂ ಶಕ್ತಿ ಎರಡರಷ್ಟಾಗಿರುತ್ತದೆ. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆಗಿಂತ ಹೆಚ್ಚು ಇರಬಾರದು ಎಂಬ ಲೆಕ್ಕವಿದೆ. ಅದರ ಪ್ರಕಾರ ಪ್ರತಿ 3 ಡೆಸಿಬೆಲ್ ಏರಿದ ಹಾಗೆ ಹೊತ್ತು ಅರ್ಧ ಆಗುತ್ತದೆ. 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ, 94ಕ್ಕೆ 1 ಗಂಟೆ, 100ಕ್ಕೆ ಕಾಲು ಗಂಟೆ ಮಾತ್ರ! ಒಳಕಿವಿಯಲ್ಲಿ ಸದ್ದನ್ನು ಹಿಡಿಯುವ ಕೂದಲಿನಂಥ ಜೀವಕೋಶಗಳಿವೆ. ಅವು ಸತ್ತರೆ ಮತ್ತೆ ಹುಟ್ಟುವುದಿಲ್ಲ. ಇಯರ್‌ಫೋನ್ ಹಾಕಿಕೊಳ್ಳುವವರಿಗೂ ಇದೇ ಮಾತು.

ಮುಂದಿನ ಜಾತ್ರೆಗೆ "ಒಂದು ಹಾರ್ನ್ ತೆಗೀರಿ" ಅಂತ ಮಾತ್ರ ಕೇಳುವುದು ಬೇಡ. "ದೂರ ಕಟ್ಟಿ, ಆ ಕಡೆ ತಿರುಗಿಸಿ, ಸ್ವಲ್ಪ ಇಳಿಸಿ" ಅಂತ ಕೇಳೋಣ. ಈ ಹಾಳೆಯನ್ನೇ ತಗೊಂಡು ಹೋದರೂ ಆದೀತು.

ನಿಮಗೊಂದು ಲೆಕ್ಕ: ಒಂದು ತಮಟೆಯ ಸದ್ದು ನೀವು ನಿಂತ ಕಡೆ 90 ಡೆಸಿಬೆಲ್. ಅಂಥದೇ 8 ತಮಟೆ ಒಟ್ಟಿಗೆ ಬಾರಿಸಿದರೆ ಎಷ್ಟು? (ಸುಳಿವು: 8 = 2 × 2 × 2.) 720 ಅಂತ ಬರೆದವರು ಮೊದಲಿನಿಂದ ಓದಿರಿ!

ಉತ್ತರ: 90 + 3 + 3 + 3 = 99 ಡೆಸಿಬೆಲ್.

– 10ನೇ ತರಗತಿ