ಅರ್ಜಿಯ ಅಕ್ಷರಗಳು ದಾರಿ ತಪ್ಪುವುದೆಲ್ಲಿ?

ವಿದ್ಯಾರ್ಥಿಯೊಬ್ಬನು ಕಾಲೇಜಿನ ಪ್ರವೇಶದ ಅರ್ಜಿಯನ್ನು ಗಣಕಯಂತ್ರದ ತೆರೆಯ ಮೇಲೆ ತುಂಬುತ್ತಾನೆನ್ನೋಣ. ಹೆಸರು, ಹುಟ್ಟಿದ ದಿನಾಂಕ, ಅಂಕಗಳು ಎಲ್ಲವೂ ಸರಿಯಾಗಿವೆ. ಆದರೂ ಗುಂಡಿಯನ್ನೊತ್ತಿದೊಡನೆ ‘400’ ಎಂಬ ಸಂಖ್ಯೆ ಮೂಡಿ ಅರ್ಜಿಯು ತಿರಸ್ಕೃತವಾಗುತ್ತದೆ. ದೋಷವೆಲ್ಲಿ? ಇದನ್ನರಿಯಲು ಅರ್ಜಿಯು ಸಾಗುವ ಹಾದಿಯನ್ನು ನೋಡಬೇಕು.

ಬ್ರೌಸರು ಪ್ರತಿಯೊಂದು ಖಾನೆಯ ಹೆಸರನ್ನೂ ಅದರಲ್ಲಿ ಬರೆದುದನ್ನೂ ಸಮಚಿಹ್ನೆಯಿಂದ ಕೂಡಿಸಿ, ಇಂತಹ ಜೋಡಿಗಳನ್ನು ಒಂದೇ ಸಾಲಾಗಿ ಪೋಣಿಸಿ ಕಳುಹಿಸುತ್ತದೆ. 1995ರ ನವೆಂಬರಿನಲ್ಲಿ ಪ್ರಕಟವಾದ ಎಚ್‌ಟಿಎಂಎಲ್ 2.0 ನಿಯಮಾವಳಿಯಲ್ಲಿ ಕಾಣುವ ಈ ಕ್ರಮವು ಇಂದಿಗೂ ಬಳಕೆಯಲ್ಲಿದೆ. ಆ ಸಾಲಿನಲ್ಲಿರುವುದು ಬರಿಯ ಅಕ್ಷರಗಳು. ಸರ್ವರಿನ ಪ್ರೋಗ್ರಾಮಿನಲ್ಲಾದರೋ ಅಂಕಗಳಿಗೆ ಪೂರ್ಣಾಂಕದ ಗೂಡು, ಹುಟ್ಟಿದ ದಿನಕ್ಕೆ ದಿನಾಂಕದ ಗೂಡು ಇವೆ. ಅಕ್ಷರಗಳನ್ನು ತಕ್ಕ ರೂಪಕ್ಕೆ ತಂದು ತಕ್ಕ ಗೂಡಿನಲ್ಲಿರಿಸುವ ಕಾರ್ಯವನ್ನು ಡೇಟಾ ಬೈಂಡಿಂಗ್, ಅಂದರೆ ದತ್ತಾಂಶ ಬಂಧನ, ಎನ್ನುವರು. ಜಾವಾ ಭಾಷೆಯ ‘ಸ್ಪ್ರಿಂಗ್’ನಂತಹ ಫ್ರೇಮ್‌ವರ್ಕುಗಳು ಇದನ್ನು ತಾವೇ ನಿರ್ವಹಿಸುತ್ತವೆ. ದೋಷಗಳು ಹುಟ್ಟುವುದು ಮೂರು ಎಡೆಗಳಲ್ಲಿ.

ಮೊದಲನೆಯದು ಹೆಸರು. ಖಾನೆಯ ಹೆಸರೂ ಗೂಡಿನ ಹೆಸರೂ ಒಂದೇ ಆಗಿರಬೇಕು. ಇಂಗ್ಲಿಷ್ ಹೆಸರಿನ ನಡುವಣ ಅಕ್ಷರವೊಂದು ಒಂದೆಡೆ ದೊಡ್ಡದಾಗಿ, ಇನ್ನೊಂದೆಡೆ ಚಿಕ್ಕದಾಗಿದ್ದರೂ ಸಂಬಂಧ ಕಡಿಯುತ್ತದೆ. ಖಾನೆಗೆ ‘ಐಡಿ’ ಕೊಟ್ಟು ‘ನೇಮ್’ ಕೊಡುವುದನ್ನು ಮರೆತರೆ ಅದರಲ್ಲಿ ಬರೆದುದು ಹೊರಡುವುದೇ ಇಲ್ಲ. ನಿಷ್ಕ್ರಿಯಗೊಳಿಸಿದ ಖಾನೆಯೂ ಗುರುತು ಹಾಕದ ಚೆಕ್‌ಬಾಕ್ಸೂ ಅಂತೆಯೇ. ಸ್ಪ್ರಿಂಗ್ ಸಾಮಾನ್ಯವಾಗಿ ಇಂತಹ ಕೊರತೆಯ ಬಗೆಗೆ ದೂರುವುದಿಲ್ಲ. ಗೂಡು ಸುಮ್ಮನೆ ಬರಿದಾಗಿ ಉಳಿಯುತ್ತದೆ. ಸದ್ದಿಲ್ಲದ ಈ ದೋಷವನ್ನು ಹಿಡಿಯುವುದು ಕಷ್ಟ.

ಎರಡನೆಯದು ರೂಪ. ದಿನಾಂಕದ ಖಾನೆಯು ತೆರೆಯ ಮೇಲೆ 15/08/2007 ಎಂದು ತೋರಿಸಬಹುದು. ಆದರೆ ಬ್ರೌಸರು ಕಳುಹಿಸುವುದು 2007-08-15 ಎಂದು. ಪ್ರೋಗ್ರಾಮು ದಿನವನ್ನೇ ಮೊದಲು ನಿರೀಕ್ಷಿಸುತ್ತಿದ್ದರೆ ಪರಿವರ್ತನೆಯು ವಿಫಲವಾಗುತ್ತದೆ. ನಮ್ಮ ವಿದ್ಯಾರ್ಥಿಯ ಅರ್ಜಿ ಮುಗ್ಗರಿಸಿದ್ದು ಇಲ್ಲಿಯೇ. ಅಂಕದ ಖಾನೆಯನ್ನು ಬರಿದಾಗಿ ಬಿಟ್ಟರೂ ಇಂತಹುದೇ ಗತಿ ಒದಗಬಹುದು, ಏಕೆಂದರೆ ಶೂನ್ಯವೆಂಬುದು ಒಂದು ಸಂಖ್ಯೆ, ಬರಿದೆಂಬುದು ಸಂಖ್ಯೆಯಲ್ಲ. ಇಂತಹ ವೈಫಲ್ಯಗಳನ್ನು ಸ್ಪ್ರಿಂಗ್ ‘ಬೈಂಡಿಂಗ್ ರಿಸಲ್ಟ್’ ಎಂಬ ಪಟ್ಟಿಯಲ್ಲಿ ಬರೆದಿಡುತ್ತದೆ. ಪ್ರೋಗ್ರಾಮಿನಲ್ಲಿ ಈ ಪಟ್ಟಿಯನ್ನು ಅರ್ಜಿಯ ವಸ್ತುವಿನ ಬೆನ್ನಿಗೇ ನಮೂದಿಸಬೇಕು. ಇಲ್ಲವಾದರೆ ತಪ್ಪನ್ನು ವಿವರಿಸುವ ಅವಕಾಶ ತಪ್ಪಿ, 400 ಎಂಬ ಉತ್ತರವೊಂದೇ ಮರಳುತ್ತದೆ.

ಮೂರನೆಯದು ಅಧಿಕಾರ. ಇಲ್ಲಿ ಬಂಧನವು ಸೋಲುವುದಿಲ್ಲ, ಅತಿಯಾಗಿ ಗೆಲ್ಲುತ್ತದೆ. ಅರ್ಜಿಯಲ್ಲಿಲ್ಲದ ಖಾನೆಯೊಂದನ್ನು ಯಾರಾದರೂ ಸೇರಿಸಿ ಕಳುಹಿಸಿದರೆ, ಆ ಹೆಸರಿನ ಗೂಡಿದ್ದಲ್ಲಿ ಅದೂ ತುಂಬಿಬಿಡುತ್ತದೆ. 2012ರ ಮಾರ್ಚಿನಲ್ಲಿ ಗಿಟ್‌ಹಬ್ ತಾಣದಲ್ಲಿ ನಡೆದುದು ಇದೇ. ಅದು ‘ರೈಲ್ಸ್’ ಎಂಬ ಫ್ರೇಮ್‌ವರ್ಕಿನಿಂದ ರಚಿತವಾಗಿತ್ತು. ಒಬ್ಬನು ಕೀಲಿ ಸೇರಿಸುವ ಅರ್ಜಿಯಲ್ಲಿ ಬೇರೆ ಬಳಕೆದಾರರ ಗುರುತುಸಂಖ್ಯೆಯನ್ನು ತುರುಕಿ, ರೈಲ್ಸ್ ಯೋಜನೆಯ ಭಂಡಾರಕ್ಕೇ ಪ್ರವೇಶ ಪಡೆದು ದೋಷವನ್ನು ತೋರಿಸಿಕೊಟ್ಟನು. 2013ರಲ್ಲಿ ಬಂದ ರೈಲ್ಸ್ 4ರಿಂದೀಚೆಗೆ ಯಾವ ಖಾನೆಗಳಿಗೆ ಅನುಮತಿಯುಂಟೆಂದು ಪ್ರೋಗ್ರಾಮಿನಲ್ಲಿ ಸ್ಪಷ್ಟವಾಗಿ ಹೇಳಬೇಕಾಯಿತು. ಸ್ಪ್ರಿಂಗ್‌ನಲ್ಲಿಯೂ ಅಂತಹ ಪಟ್ಟಿಯನ್ನು ಕೊಡಬಹುದು.

ಆದುದರಿಂದ ದೋಷವನ್ನರಸುವವನು ಮೊದಲು ತೆರೆಯನ್ನು ನಂಬದೆ, ಬ್ರೌಸರಿನ ಡೆವಲಪರ್ ಟೂಲ್ಸ್‌ನಲ್ಲಿ ‘ನೆಟ್‌ವರ್ಕ್’ ವಿಭಾಗವನ್ನು ತೆರೆದು, ನಿಜವಾಗಿ ಹೊರಟ ಸಾಲನ್ನು ಓದಬೇಕು. ಖಾನೆಯು ಅಲ್ಲಿಲ್ಲದಿದ್ದರೆ ತಪ್ಪು ಅರ್ಜಿಯದು. ಇದ್ದರೆ ಹೆಸರುಗಳನ್ನು ಅಕ್ಷರಕ್ಕಕ್ಷರ ಹೋಲಿಸಬೇಕು. ಹೆಸರು ಕೂಡಿದರೆ ಬೈಂಡಿಂಗ್ ರಿಸಲ್ಟನ್ನು ನೋಡಿ ರೂಪವನ್ನು ಪರೀಕ್ಷಿಸಬೇಕು. ಎಲ್ಲವೂ ಸರಿಹೋದ ಮೇಲೆ ಇನ್ನೊಂದು ಪ್ರಶ್ನೆ ಉಳಿಯುತ್ತದೆ: ಬರಬಾರದುದು ಏನಾದರೂ ಒಳಗೆ ಬರುತ್ತಿದೆಯೆ? ಇದನ್ನು ಕೇಳದೆ ಕೆಲಸ ಮುಗಿಯಿತೆನ್ನಲಾಗದು.