ಕಲ್ಲಿನ ಸಂದಿಗೆ ಗ್ರೌಟ್: ಕಲೆ ಉಳಿದರೆ ನಷ್ಟ ಯಾರದು?

ಹೋಟೆಲು, ಷೋರೂಮು ಹಾಗೂ ಕಚೇರಿ ಕಟ್ಟಡಗಳಲ್ಲಿ ಒರಟು ಮೈಯ ನೈಸರ್ಗಿಕ ಕಲ್ಲನ್ನು ಅಪೇಕ್ಷಿಸುವ ಗ್ರಾಹಕರು ಅನೇಕರಿದ್ದಾರೆ. ಪದರ ಸೀಳಿದ ಸ್ಲೇಟ್, ಮರಳುಗಲ್ಲು, ಪಾಲಿಶ್ ಮಾಡದ ಶಹಾಬಾದ್ ಕಲ್ಲು, ಜ್ವಾಲೆ ಹಾಯಿಸಿ ಒರಟುಗೊಳಿಸಿದ ಗ್ರಾನೈಟ್ ಇವೆಲ್ಲ ಈ ಗುಂಪಿಗೆ ಸೇರುತ್ತವೆ. ಇಂತಹ ಕೆಲಸಗಳಲ್ಲಿ ಕಲ್ಲಿನ ದರ ಮತ್ತು ಸಾಗಣೆಯ ಬಗ್ಗೆ ದೀರ್ಘ ಚರ್ಚೆ ನಡೆಯುತ್ತದೆ. ಸಂದು ತುಂಬುವ ಕೆಲಸಕ್ಕೆ ಮಾತ್ರ ದರಪಟ್ಟಿಯಲ್ಲಿ ಒಂದು ಸಾಲೂ ಇರುವುದಿಲ್ಲ. ಆದರೆ ಗ್ರೌಟಿನ ಕಲೆ ಕಲ್ಲಿನ ಮೇಲೆ ಉಳಿದರೆ ಅಂತಿಮ ಬಿಲ್ಲಿನ ಹಣವೇ ತಡೆಹಿಡಿಯಲ್ಪಡುತ್ತದೆ. ಆದುದರಿಂದ ಈ ವಿಷಯವನ್ನು ಮೇಸ್ತ್ರಿಯ ವಿವೇಚನೆಗೆ ಬಿಟ್ಟುಬಿಡದೆ ಮಾಲೀಕರೇ ತಿಳಿದಿರುವುದು ಲೇಸು.

ಕಲೆ ಏಕೆ ಉಳಿಯುತ್ತದೆ?

ಗ್ರೌಟಿನಲ್ಲಿ ಸಿಮೆಂಟಿನ ಸೂಕ್ಷ್ಮ ಕಣಗಳೂ ಬಣ್ಣದ ಪುಡಿಯೂ ಇರುತ್ತವೆ. ನುಣುಪಾದ ಸೆರಾಮಿಕ್ ಟೈಲ್ಸ್ ಮೇಲೆ ಇವು ಒದ್ದೆ ಸ್ಪಂಜಿನ ಒಂದು ಒರೆಸುವಿಕೆಗೆ ಹೋಗಿಬಿಡುತ್ತವೆ. ಒರಟು ಕಲ್ಲಿನ ಗುಳಿಗಳಲ್ಲಿ ಅವು ಕುಳಿತು ಗಟ್ಟಿಯಾಗುತ್ತವೆ. ಕಲ್ಲು ನೀರು ಹೀರುವ ಗುಣದ್ದಾದರೆ ಬಣ್ಣವೂ ನೀರಿನೊಂದಿಗೆ ಒಳಗಿಳಿಯುತ್ತದೆ. ತಿಳಿ ಬಣ್ಣದ ಕಲ್ಲಿಗೆ ಗಾಢ ಬಣ್ಣದ ಗ್ರೌಟ್ ಬಳಸುವಲ್ಲಿ ಅಪಾಯ ಹೆಚ್ಚು.

ಕಲ್ಲನ್ನು ಪರೀಕ್ಷಿಸುವುದು ಸುಲಭ. ಒಣಗಿದ ಕಲ್ಲಿನ ಮೇಲೆ ಕೆಲವು ಹನಿ ನೀರು ಹಾಕಿ ಐದು ನಿಮಿಷ ಕಾಯಬೇಕು. ನೀರು ಇಂಗಿ ಕಲ್ಲು ಕಪ್ಪಾದರೆ ಗ್ರೌಟಿಗೆ ಮೊದಲು ಸೀಲರ್ ಅಗತ್ಯವೆಂದು ತಿಳಿಯತಕ್ಕದ್ದು.

ಕೆಲಸದ ಕ್ರಮ

ಮೊದಲನೆಯದಾಗಿ, ಕಲ್ಲನ್ನು ಅಂಟಿಸಿದ ಗಾರೆ ಅಥವಾ ಅಂಟು ಸಾಕಷ್ಟು ಗಟ್ಟಿಯಾಗಿ, ಕಲ್ಲು ಒಣಗಿ, ಧೂಳು ಹೋಗಿರಬೇಕು. ಬಳಿಕ ಕಲ್ಲಿನೊಳಗೆ ಇಳಿಯುವ ಜಾತಿಯ ಸೀಲರನ್ನು ಮೇಲ್ಮೈಗೆ ಹಚ್ಚಿ, ತಯಾರಕರು ಸೂಚಿಸಿದ ಅವಧಿಯೊಳಗೆ ಹೆಚ್ಚಾದುದನ್ನು ಒರೆಸಿ ತೆಗೆಯಬೇಕು. ಸೀಲರ್ ಸಂದಿಯೊಳಗೆ ಹರಿದರೆ ಗ್ರೌಟ್ ಸರಿಯಾಗಿ ಹಿಡಿಯುವುದಿಲ್ಲ.

ಎರಡನೆಯದಾಗಿ, ಗ್ರೌಟನ್ನು ಇಡೀ ನೆಲದ ಮೇಲೆ ಸುರಿದು ಎಳೆಯುವ ರೂಢಿಯನ್ನು ಇಲ್ಲಿ ಬಿಡಬೇಕು. ಮೆಹಂದಿಯ ಕೋನಿನಂತಿರುವ ಗ್ರೌಟ್ ಚೀಲದಿಂದ ಸಂದಿಗೆ ಮಾತ್ರ ತುಂಬಬೇಕು. ಅದು ತುಸು ಬಿಗಿಯಾದ ಮೇಲೆ ಸಂದಿಯನ್ನು ಒತ್ತಿ ತೀಡಿ, ಉದುರುವ ಚೂರುಗಳನ್ನು ಬ್ರಷ್‌ನಿಂದ ತೆಗೆಯಬೇಕು. ಹದ ಮೀರಿ ನೀರು ಬೆರೆಸಿದರೆ ಗ್ರೌಟಿನ ಬಲವೂ ಕುಂದುತ್ತದೆ, ಬಣ್ಣವೂ ಸಮನಾಗಿ ಬರುವುದಿಲ್ಲ.

ಮೂರನೆಯದಾಗಿ, ಒಮ್ಮೆಗೆ ಸ್ವಲ್ಪ ಜಾಗವನ್ನಷ್ಟೇ ಮುಗಿಸಿ, ಚೆನ್ನಾಗಿ ಹಿಂಡಿದ ಸ್ಪಂಜಿನಿಂದ ಕೂಡಲೇ ಒರೆಸಬೇಕು. ಬಕೆಟ್ಟಿನ ನೀರನ್ನು ಆಗಾಗ್ಗೆ ಬದಲಿಸಬೇಕು. ಕದಡಿದ ನೀರು ಕಲೆಯನ್ನು ತೆಗೆಯುವ ಬದಲು ಹರಡುತ್ತದೆ.

ಎಪಾಕ್ಸಿ ಗ್ರೌಟ್ ತಾನು ಕಲೆ ಹೀರುವುದಿಲ್ಲವೆಂಬುದು ನಿಜ. ಆದರೆ ಅದರ ರಾಳ ಒರಟು ಕಲ್ಲಿನ ಮೇಲೆ ಗಟ್ಟಿಯಾದರೆ ತೆಗೆಯುವುದು ಬಹು ಕಷ್ಟ. ನೀರು ಹೀರುವ ಕಲ್ಲಿನ ಅಂಚುಗಳನ್ನು ಅದು ಕಪ್ಪಾಗಿಸಲೂಬಹುದು.

ಆ್ಯಸಿಡ್ ಪರಿಹಾರವಲ್ಲ

ಕಲೆ ಕಂಡೊಡನೆ ಆ್ಯಸಿಡ್ ಬಾಟಲಿಗೆ ಕೈಹಾಕುವುದು ಅತಿ ದುಬಾರಿಯಾದ ಅಭ್ಯಾಸ. ಕಲಬುರಗಿ ಜಿಲ್ಲೆಯ ಶಹಾಬಾದ್ ಕಲ್ಲು, ರಾಜಸ್ಥಾನದ ಕೋಟಾ ಕಲ್ಲು, ಆಂಧ್ರದ ಕಡಪ ಕಲ್ಲು ಇವೆಲ್ಲ ಸುಣ್ಣದ ಕಲ್ಲಿನ ಜಾತಿಗೆ ಸೇರಿದವು. ಆ್ಯಸಿಡ್ ಸುಣ್ಣದ ಅಂಶವನ್ನೇ ಕರಗಿಸಿ ಕಲ್ಲಿನ ಮೈಯನ್ನು ಮಂಕಾಗಿಸುತ್ತದೆ. ಗ್ರಾನೈಟ್ ಕರಗದಿದ್ದರೂ, ಕಬ್ಬಿಣದ ಅಂಶವಿರುವ ಜಾತಿಗಳಲ್ಲಿ ತುಕ್ಕಿನ ಬಣ್ಣದ ಕಲೆ ಏಳಬಹುದು. ಸಿಮೆಂಟ್ ಗ್ರೌಟನ್ನಂತೂ ಆ್ಯಸಿಡ್ ತಿಂದೇ ಬಿಡುತ್ತದೆ. ಹೊಸ ಮಬ್ಬು ಇದ್ದಲ್ಲಿ ಆಮ್ಲವೂ ಕ್ಷಾರವೂ ಅಲ್ಲದ ಶುಚಿಕಾರಕ ಮತ್ತು ನೈಲಾನ್ ಬ್ರಷ್‌ನಿಂದ ಪ್ರಯತ್ನಿಸುವುದು ಕ್ಷೇಮ.

ಲೆಕ್ಕ ಏನು ಹೇಳುತ್ತದೆ?

ಉದಾಹರಣೆಗಾಗಿ 1,000 ಚದರ ಅಡಿಯ ಕೆಲಸವೊಂದನ್ನು ಊಹಿಸೋಣ. ಸೀಲರ್ ಮತ್ತು ಅದರ ಕೂಲಿಗೆ ಚದರ ಅಡಿಗೆ ರೂ. 15ರಂತೆ ರೂ. 15,000 ತಗಲುತ್ತದೆ ಎಂದುಕೊಳ್ಳೋಣ. ಕೆಟ್ಟ ಕಲ್ಲನ್ನು ಒಡೆದು, ಸಾಗಿಸಿ, ಹೊಸದನ್ನು ಹಾಸಲು ಚದರ ಅಡಿಗೆ ರೂ. 250 ಬೀಳುವುದಾದರೆ, ಕೇವಲ 60 ಚದರ ಅಡಿ ಕೆಟ್ಟರೂ ಅದೇ ರೂ. 15,000 ಹೋಯಿತು. ಅಂದರೆ ನೂರಕ್ಕೆ ಆರು ಭಾಗ ಹಾಳಾದರೆ ಸೀಲರ್ ಉಳಿಸಿದ ಲಾಭವೆಲ್ಲ ಕರಗಿತು. ತಡೆಹಿಡಿದ ಹಣದ ಮೇಲಿನ ಬಡ್ಡಿ ಇದರ ಹೊರಗಿನದು.

ತೆರಿಗೆಯ ದೃಷ್ಟಿಯೂ ಮುಖ್ಯ. ಕೆಲಸದ ಕೊರತೆಗಾಗಿ ಬಿಲ್ಲಿನ ಮೊತ್ತ ಇಳಿದಲ್ಲಿ, ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಅಧಿನಿಯಮ, 2017ರ 34ನೆಯ ಕಲಮಿನಂತೆ ಕ್ರೆಡಿಟ್ ನೋಟ್ ನೀಡಿ ತೆರಿಗೆಯನ್ನು ಸರಿಹೊಂದಿಸಿಕೊಳ್ಳಬಹುದು. ಆದರೆ ಅದನ್ನು ಆರ್ಥಿಕ ವರ್ಷ ಮುಗಿದ ಮೇಲಿನ ನವೆಂಬರ್ 30 ಅಥವಾ ವಾರ್ಷಿಕ ರಿಟರ್ನ್ ಸಲ್ಲಿಸಿದ ದಿನ, ಇವುಗಳಲ್ಲಿ ಮೊದಲು ಬರುವುದರೊಳಗೆ ರಿಟರ್ನಿನಲ್ಲಿ ತೋರಿಸಬೇಕು. ವಿವಾದ ಈ ಗಡುವು ದಾಟಿ ಎಳೆದರೆ, ಕೈಗೆ ಬಾರದ ಹಣಕ್ಕೆ ಕಟ್ಟಿದ ತೆರಿಗೆಯೂ ನಷ್ಟದ ಪಟ್ಟಿಗೆ ಸೇರುತ್ತದೆ.

ಕರಾರಿನಲ್ಲಿ ಇರಬೇಕಾದವು

ಸೀಲರ್ ಮತ್ತು ಗ್ರೌಟಿಂಗನ್ನು ದರಪಟ್ಟಿಯಲ್ಲಿ ಪ್ರತ್ಯೇಕ ಬಾಬಾಗಿ ತೋರಿಸಬೇಕು. ಅದೇ ಕಲ್ಲು, ಅದೇ ಸೀಲರ್, ಅದೇ ಗ್ರೌಟ್ ಬಳಸಿ ಕೆಲವು ಚದರ ಅಡಿಯ ಮಾದರಿ ಮಾಡಿ, ಒಣಗಿದ ಮೇಲೆ ಗ್ರಾಹಕರ ಲಿಖಿತ ಒಪ್ಪಿಗೆ ಪಡೆಯಬೇಕು. ಕೆಲವು ಸೀಲರ್‌ಗಳು ಕಲ್ಲಿನ ಬಣ್ಣವನ್ನೇ ಗಾಢಗೊಳಿಸುವುದರಿಂದ ಇದು ಅವಶ್ಯ. ಕಲ್ಲು ಮಾರುವ ವರ್ತಕರೂ ಸೀಲರ್ ಹಚ್ಚಬೇಕೆಂಬ ಸೂಚನೆಯನ್ನು ಬಿಲ್ಲಿನಲ್ಲೇ ಮುದ್ರಿಸುವುದೊಳ್ಳೆಯದು.

ಇಷ್ಟು ಬರಹದಲ್ಲಿದ್ದರೆ, ಕಲೆ ಬಿದ್ದಾಗ ಕಲ್ಲಿನ ವರ್ತಕ, ಗ್ರೌಟಿನ ತಯಾರಕ ಮತ್ತು ಗುತ್ತಿಗೆದಾರ ಒಬ್ಬರತ್ತ ಒಬ್ಬರು ಬೆರಳು ತೋರಿಸುವ ಪ್ರಸಂಗ ಬರುವುದಿಲ್ಲ. ಬರಹವಿಲ್ಲದೆಡೆ ನಷ್ಟ ಬೀಳುವುದು ಸಾಮಾನ್ಯವಾಗಿ ಹಣ ಇನ್ನೂ ಬರಬೇಕಾಗಿರುವವನ ತಲೆಯ ಮೇಲೆ.